ಉಸಿರು ಮುಗಿಯುವ ಆಳ

ಮಾರ್ಚ್ ೮, ಸೋಮವಾರ

ಮಿಸ್ ಎನಿಡ್ ಇವತ್ತು ನನಗೊಂದು ಹಸಿರು ರಟ್ಟಿನ ನೋಟ್‌ಬುಕ್ ಕೊಟ್ಟರು. ಅವರು ಮೀನುಗಾರರ ಸಂಘದ ಕಾರ್ಯದರ್ಶಿ, ಶಾಲೆಯಲ್ಲಿ ಟೀಚರು. ಹಾಗಾಗಿ ಕೊಡುವ ಮೊದಲು ನನ್ನ ಉಗುರು ನೋಡಿದರು. “ಇದ್ರಲ್ಲಿ ನಿಜ ಮಾತ್ರ ಬರೀಬೇಕು ಸೆವೆರೊ, ಗೊತ್ತಾಯ್ತಾ?” ಎಂದರು. ಆಯ್ತು ಎಂದೆ. ಮಿಕ್ಕಿದ್ದನ್ನು ಬರೆಯಲು ಇನ್ನೊಂದು ಬೇಕಲ್ಲ ಎನಿಸಿ, ಬರುವ ದಾರಿಯಲ್ಲಿ ಅಂಗಡಿಗೆ ಹೊಕ್ಕು ಇದನ್ನು ಕೊಂಡೆ. ಇದು ನನಗೊಬ್ಬನಿಗೇ. ನನ್ನ ಹೆಂಡತಿ ದುಲಿಯಾ ಕೂಡ ಓದಬಾರದು. ಓದಿದೆಯಾದರೆ ದುಲಿಯಾ, ನಿನ್ನೆ ಬೀನ್ಸಿಗೆ ಉಪ್ಪು ಜಾಸ್ತಿಯಾಗಿತ್ತು.

ನಿನ್ನೆ ಸಂಘದ ಸಭೆಯಲ್ಲಿ ಮೂರು ಗಂಟೆ ಕೂಗಾಟ. ಕಾರಣ ದುಲಿಯಾಳ ತಮ್ಮ ಬೆತೊ. ಕೊಲ್ಲಿಯ ಆಚೆ ಮೆಕ್ಸಿಕೊದ ಚೆತುಮಾಲ್‌ನಲ್ಲಿ ಕಾರಿಗೆ ಬಣ್ಣ ಹೊಡೆಯುವವರಿಂದ ಹಳೆಯ ಕಂಪ್ರೆಸರ್ ಒಂದನ್ನು ತಂದಿದ್ದಾನೆ. ಅದಕ್ಕೆ ಖಾಲಿ ಬಿಯರ್ ಪೀಪಾಯಿ ಬಿಗಿದು, ಪೀಪಾಯಿಗೆ ಉದ್ದನೆಯ ರಬ್ಬರ್ ಪೈಪು ಸಿಕ್ಕಿಸಿದ್ದಾನೆ. ಪೈಪಿನ ತುದಿ ಕಚ್ಚಿಕೊಂಡು ನೀರಿಗಿಳಿದರೆ ಮೇಲಿನ ಗಾಳಿ ಕೆಳಗೆ ಬರುತ್ತದೆ. ಉಸಿರು ಬಿಗಿಹಿಡಿಯುವ ಕೆಲಸವೇ ಇಲ್ಲ. ಗಂಟೆಗಟ್ಟಲೆ ತಳದಲ್ಲಿ ಓಡಾಡಿಕೊಂಡು ಶಂಖ ಆರಿಸಬಹುದು. ಇಲ್ಲಿಯವರೆಗೆ ನಮ್ಮೂರಿನವರೆಲ್ಲ ಎದೆಯ ಒಂದೇ ಉಸಿರನ್ನು ನಂಬಿ ಮುಳುಗಿದವರು.

ಬೇಡ ಎಂದವರ ಕಾರಣಗಳನ್ನು ಕೇಳಬೇಕಿತ್ತು. ಒಬ್ಬ, ಶ್ವಾಸಕೋಶ ಬಲೂನಿನ ಹಾಗೆ ಒಡೆಯುತ್ತದೆ ಎಂದ. ಇನ್ನೊಬ್ಬ, ಪೆಟ್ರೋಲ್ ವಾಸನೆಗೆ ಏಡಿ, ಸಿಗಡಿ ಎಲ್ಲ ಮೆಕ್ಸಿಕೊಗೆ ಓಡಿಹೋಗುತ್ತವೆ ಎಂದ. ಮೂರನೆಯವನು, “ಮಿಷನ್ನು ತಗೊಳ್ಳೋ ಶಕ್ತಿ ಇರೋನು ಎಲ್ಲಾ ಬಾಚ್ಕೊಂಡು ಹೋಗ್ತಾನೆ, ನಾವು ಚಿಪ್ಪು ನೆಕ್ಕೋದಾ?” ಎಂದ. ಮೊದಲ ಎರಡಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೂರನೆಯದಕ್ಕೆ ನಗು ಬರಲಿಲ್ಲ.

ಕೊನೆಗೆ ದೊನ್ ಕಸಿಮಿರೊ ಎದ್ದರು. ಊರಿನ ದೋಣಿ ಯಜಮಾನರಲ್ಲೆಲ್ಲ ಹಿರಿಯರು, ಎಪ್ಪತ್ತು ದಾಟಿದೆ. “ಹತ್ತು ಮಾರಿನ ಕೆಳಗೆ ನಮ್ಮಲ್ಲಿ ಯಾರ ಉಸಿರೂ ಹೋಗಲ್ಲ. ಅದಕ್ಕೇ ತಾಯಿ ಶಂಖಗಳು ಅಲ್ಲಿ ಉಳ್ಕೊಂಡಿವೆ. ಅವು ಮೊಟ್ಟೆ ಇಡ್ತವೆ, ಮರಿಗಳು ತೇಲ್ಕೊಂಡು ಮೇಲೆ ಕಡಿಮೆ ನೀರಿನ ಹುಲ್ಲಿಗೆ ಬರ್ತವೆ, ನಾವು ತಿಂತೀವಿ. ಇಷ್ಟು ದಿನ ನಮಗೆ ಕಾನೂನು ಅಂತ ಬೇರೆ ಬೇಕಾಗಿರ್ಲಿಲ್ಲ. ನಮ್ಮ ಎದೆನೇ ಕಾನೂನಾಗಿತ್ತು. ಈ ಪೈಪು ಬಂತು ಅಂದ್ರೆ ನಾವೇ ಕೂತು ಬರೀಬೇಕಾಗುತ್ತೆ.”

ಈ ಮಾತಿಗೆ ನನಗೆ ಸಿಟ್ಟು ಬಂತು. ಯಾಕೆಂದರೆ ನಾನು ನಮ್ಮಪ್ಪನ ಮಗ. ಲಾರಿ ಟೈರಿನ ಟ್ಯೂಬು ಕತ್ತರಿಸಿ, ಕಿಟಕಿಯ ಗಾಜು ಕೂರಿಸಿ, ಮುಳುಗುವಾಗ ಕಣ್ಣಿಗೆ ಕಟ್ಟಿಕೊಳ್ಳುವ ಕನ್ನಡಕವನ್ನು ಈ ಊರಲ್ಲಿ ಮೊದಲು ಮಾಡಿದವನು ಅವನು. ಕಣ್ಣುಗುಡ್ಡೆ ಕಿತ್ತುಬರುತ್ತದೆ ಎಂದು ಹೆದರಿಸಿದರು. ಪಾದ್ರಿಗಳು ಅವನ ಹೆಸರಲ್ಲಿ ಪ್ರಾರ್ಥನೆ ಮಾಡಿಸಿದರು. ಎರಡು ವರ್ಷದಲ್ಲಿ ಅದೇ ಜನ ಹಳೆಯ ಟ್ಯೂಬು ಇದೆಯಾ ಎಂದು ನಮ್ಮ ಬಾಗಿಲಿಗೆ ಬಂದರು. ದೊನ್ ಕಸಿಮಿರೊ ಕೂಡ ಬಂದಿದ್ದರು, ನಾನೇ ಬಾಗಿಲು ತೆಗೆದಿದ್ದೆ. ಐಸ್ ಬಂದಾಗಲೂ ಹಾಗೇ, ತಣ್ಣಗಿನ ಮಾಂಸ ತಿಂದರೆ ಮೂಳೆಗೆ ಶೀತ ಹತ್ತುತ್ತದೆ ಎಂದರು. ಈಗ ಶರಬತ್ತಿಗೆ ಐಸ್ ಇಲ್ಲದಿದ್ದರೆ ಮೂಗು ಮುರಿಯುತ್ತಾರೆ.

ಇಷ್ಟನ್ನೂ ಹೇಳಿದೆ, ಚಪ್ಪಾಳೆ ಬಿತ್ತು. ಕೊನೆಗೆ ಆದ ತೀರ್ಮಾನ ಇದು. ಒಂದು ಪೈಪು, ಒಬ್ಬ ಮುಳುಗುಗಾರ, ಮೂರು ಪ್ರಯಾಣ. ಅವನು ಕಂಡದ್ದನ್ನು ಹಸಿರು ಪುಸ್ತಕದಲ್ಲಿ ಬರೆಯಬೇಕು. ಜೂನ್ ತಿಂಗಳಲ್ಲಿ ಅದನ್ನು ಸಭೆಯಲ್ಲಿ ಓದಿ, ಪೈಪು ಇರಬೇಕೋ ಬೇಡವೋ ಎಂದು ವೋಟು ಹಾಕುವುದು. ಯಾರು ಮುಳುಗುವುದು ಎಂದಾಗ ಎಲ್ಲರೂ ನನ್ನನ್ನು ನೋಡಿದರು.

ಹಸಿರು ಪುಸ್ತಕಕ್ಕೆ ಬೇಡದ ನಿಜ ಒಂದಿದೆ. ನನಗೆ ನಲವತ್ತಾರು. ಹೋದ ವರ್ಷ ಏಳು ಮಾರಿಗೇ ನನ್ನ ಉಸಿರು ಮುಗಿಯುತ್ತಿತ್ತು. ಇನ್ನೆರಡು ವರ್ಷಕ್ಕೆ ನಾನು ದಡದಲ್ಲಿ ಕೂತು ಬಲೆ ಹೊಲಿಯುವವರ ಜೊತೆ ಸೇರಬೇಕು. ಈ ಪೈಪು ನನಗೆ ಬೇಕು. ಬೆತೊಗಿಂತ ನನಗೇ ಹೆಚ್ಚು ಬೇಕು.


ಮಾರ್ಚ್ ೧೬, ನೀರೊಳಗಿನ ದಿಬ್ಬದ ಹತ್ತಿರ

ಇಳಿದೆ.

ಹೇಗೆ ಬರೆಯಲಿ? ಮೂವತ್ತು ವರ್ಷ ಮುಳುಗಿದ್ದೇನೆ, ಸಮುದ್ರವನ್ನು ನೋಡಿಯೇ ಇರಲಿಲ್ಲ. ಉಸಿರು ಹಿಡಿದು ಹೋದವನಿಗೆ ಕಾಣುವುದು ಶಂಖ ಮಾತ್ರ. ಕಂಡೆ, ಎತ್ತಿದೆ, ಮೇಲೆ ಬಂದೆ. ಇವತ್ತು ಹದಿನಾಲ್ಕು ಮಾರು ಕೆಳಗೆ ಮರಳಿನ ಮೇಲೆ ಮಂಡಿಯೂರಿ ಸುಮ್ಮನೆ ಕೂತೆ. ಗಾಳಿ ಬಾಯಿಗೆ ಬರುತ್ತಲೇ ಇತ್ತು, ಸ್ವಲ್ಪ ಎಣ್ಣೆಯ ರುಚಿ. ಅವಸರ ಎಂಬುದೇ ಇರಲಿಲ್ಲ. ಬೆಳಕು ನೀಲಿಯಾಗಿ, ಪುಡಿಪುಡಿಯಾಗಿ ಮೇಲಿಂದ ಉದುರುತ್ತಿತ್ತು. ಅಗಲ ರೆಕ್ಕೆಯ ತೊರಕೆ ಮೀನೊಂದು ನನ್ನ ಮೇಲೆ ಹಾದುಹೋಯಿತು, ದುಲಿಯಾ ಬಟ್ಟೆ ಒಣಹಾಕುವಾಗ ದುಪ್ಪಟಿ ಹಾರುತ್ತದಲ್ಲ, ಹಾಗೆ.

ಆಮೇಲೆ ಅವು ಕಂಡವು. ಅಗಲ ತುಟಿಯ, ಪಾಚಿ ಹತ್ತಿದ, ನಾನು ಜೀವಮಾನದಲ್ಲಿ ನೋಡದಷ್ಟು ದೊಡ್ಡ ಶಂಖಗಳು. ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿ, ಮರಳಿನ ಮೇಲೆ ತಮ್ಮ ತಮ್ಮ ಗೆರೆ ಎಳೆದುಕೊಂಡು, ಕಣ್ಣಿಗೆ ಕಾಣುವವರೆಗೂ ಹರಡಿದ್ದವು. ಯಾರೂ ಯಾವತ್ತೂ ಅವನ್ನು ಮುಟ್ಟಿರಲಿಲ್ಲ. ಎದೆಯೆಲ್ಲ ತುಂಬಿ ಬಂತು. ಅಪ್ಪ ಇರಬೇಕಿತ್ತು.

ಹಸಿರು ಪುಸ್ತಕಕ್ಕೆ: ಇನ್ನೂರ ಹತ್ತು, ಒಂದೇ ಬೆಳಿಗ್ಗೆ.


ಮಾರ್ಚ್ ೧೭

ಇನ್ನೂರ ನಲವತ್ತು. ಬೆತೊ ದೋಣಿಯ ಮೇಲೆ ಕುಣಿದ. ದೋಣಿಯಲ್ಲಿ ಇರುವವರು ನಾವಿಬ್ಬರೇ, ಅದಕ್ಕೇ ಅವನು ಯಂತ್ರದ ಜೊತೆ ಕುಣಿದ. “ಭಾವ, ಇನ್ನು ಆರು ಮಿಷನ್ ಮಾಡ್ತೀನಿ. ಊರಲ್ಲಿ ಮುದುಕರೂ ಮುಳುಗ್ಬೋದು!” ಎಂದ. ಮುದುಕ ಎಂದು ಯಾರನ್ನು ಅಂದೆ ಎಂದು ಕೇಳಿದೆ. “ದೊನ್ ಕಸಿಮಿರೊನ” ಎಂದ. ಆದರೆ ನನ್ನನ್ನೇ ನೋಡುತ್ತಿದ್ದ, ಕಳ್ಳ.


ಮಾರ್ಚ್ ೨೦

ಬೆಳಿಗ್ಗೆಯಿಂದ ಭುಜದ ಕೀಲಿನಲ್ಲಿ ನೋವು. ಮಲಗಿದ್ದು ಸರಿಯಾಗಿರಲಿಲ್ಲ ಅಂತ ಕಾಣುತ್ತದೆ. ವಿಚಿತ್ರವೆಂದರೆ ನೀರಿಗೆ ಇಳಿಯುತ್ತಿದ್ದಂತೆ ಅದು ಹೋಯಿತು. ಹತ್ತು ಮಾರಿಗೆ ಅರ್ಧ, ಹದಿನಾಲ್ಕಕ್ಕೆ ಪೂರ್ತಿ ಮಾಯ. ಮೇಲೆ ಬಂದು ಅರ್ಧ ಗಂಟೆಗೆ ಮತ್ತೆ ಬಂತು. ಸಮುದ್ರ ನನ್ನ ನೋವನ್ನು ಇಟ್ಟುಕೊಂಡು ಗಾಳಿ ಕೊಟ್ಟು ಕಳಿಸುತ್ತದೆ, ಮೇಲೆ ಬಂದರೆ ನೋವನ್ನು ವಾಪಸ್ಸು ಕೊಡುತ್ತದೆ. ಇದನ್ನು ಬೆತೊಗೆ ಹೇಳಿದೆ. “ಹಂಗಿದ್ರೆ ಕೆಳಗೇ ಮನೆ ಮಾಡು ಭಾವ” ಎಂದ.


ಮಾರ್ಚ್ ೨೮, ಮನೆ

ದುಲಿಯಾ ಹಂದಿ ಕೊಬ್ಬಿಗೆ ಕರ್ಪೂರ ಬೆರೆಸಿ ಭುಜ ತಿಕ್ಕಿದಳು. ತಿಕ್ಕುತ್ತಲೇ ವಿಚಾರಣೆ ಶುರುವಾಯಿತು.

“ಯಾಕೆ ಕುಂಟ್ತಿದ್ದೀಯಾ?”

“ಯಾರು ಕುಂಟ್ತಿದ್ದಾರೆ?”

“ನಾನು ಹುಂಜನ್ನ ಕೇಳ್ತಿಲ್ಲ. ನಿನ್ನನ್ನೇ.”

“ಚಪ್ಪಲಿ ಹೊಸದು.”

“ಚಪ್ಪಲಿ ಹೋದ ವರ್ಷದ್ದು, ನಾನೇ ತಂದಿದ್ದು. ಸೆವೆರೊ, ಆ ಗಾಳಿ ಒಳಗೆ ಹೋಗಿ ಎಲ್ಲೋ ಸಿಕ್ಕಾಕ್ಕೊಂಡಿದೆ.”

ನಾನು ನಕ್ಕೆ. ಗಾಳಿ ಸಿಕ್ಕಿಹಾಕಿಕೊಳ್ಳಲು ನನ್ನ ಮೈಯೇನು ಮೂಲೆ ಇರುವ ಮನೆಯೇ ಎಂದೆ. ಅವಳು ನಗಲಿಲ್ಲ. ಅವಳಿಗೂ ಹೊಸದೆಂದರೆ ಭಯ. ಗ್ಯಾಸ್ ಒಲೆ ತಂದಾಗ ಒಂದು ವಾರ ಹತ್ತಿರ ಹೋಗಿರಲಿಲ್ಲ.

ಎಡಗಾಲಿನ ಹೆಬ್ಬೆರಳಿಗೆ ಸ್ವಲ್ಪ ಜೋಮು ಹಿಡಿದಿದೆ ಅಷ್ಟೇ. ತೂಗುಹಾಸಿಗೆಯಲ್ಲಿ ಕಾಲು ಮಡಚಿ ಮಲಗುತ್ತೇನಲ್ಲ, ಅದರಿಂದ.


ಏಪ್ರಿಲ್ ೫, ದಿಬ್ಬ, ಎರಡನೆಯ ಪ್ರಯಾಣ

ಇವತ್ತು ಮೊಟ್ಟೆ ನೋಡಿದೆ. ಒಂದು ತಾಯಿ ಶಂಖ ಮೊಟ್ಟೆ ಇಡುತ್ತ ಕೂತಿತ್ತು. ದಾರದ ಹಾಗೆ ಉದ್ದಕ್ಕೆ ಬರುತ್ತದೆ, ಬಂದಷ್ಟಕ್ಕೂ ಮರಳಿನ ಕಣ ಅಂಟಿಕೊಳ್ಳುತ್ತದೆ, ಸುತ್ತಿ ಸುತ್ತಿ ಒಂದು ಮುಷ್ಟಿಯಷ್ಟು ಗಂಟಾಗುತ್ತದೆ. ನೋಡುತ್ತ ಕೂತುಬಿಟ್ಟೆ. ಎಷ್ಟು ಹೊತ್ತು ಗೊತ್ತಿಲ್ಲ. ಬೆತೊ ಪೈಪನ್ನು ಮೂರು ಸಲ ಎಳೆದ, ಬದುಕಿದ್ದೀಯಾ ಎಂದು ಕೇಳುವ ಸನ್ನೆ ಅದು. ನಾನು ಒಂದು ಸಲ ಎಳೆದೆ.

ಅದರ ಬೆನ್ನ ಮೇಲೆ ಒಂದು ಕೆಂಪು ಸ್ಪಂಜು ಬೆಳೆದಿತ್ತು. ಅದನ್ನು ಎತ್ತಲಿಲ್ಲ. ಭಾರ ಅನ್ನಿಸಿತು, ಅದಕ್ಕೆ.

ಸುತ್ತಮುತ್ತ ಮರಳಿನ ಮೇಲೆ ಗೆರೆಗಳು ಬಹಳ ಇದ್ದವು, ಗೆರೆ ಎಳೆದವರು ಕಮ್ಮಿ. ಹೋದ ತಿಂಗಳು ನಾನೇ ಅವರನ್ನು ಚೀಲಕ್ಕೆ ಹಾಕಿದ್ದು ಎಂದು ನೆನಪಾಯಿತು. ಎಂಬತ್ತೆಂಟು ಸಿಕ್ಕವು. ಬೆತೊ ಮುಖ ಸಣ್ಣಗೆ ಮಾಡಿಕೊಂಡ. ನೀರು ಕದಡಿತ್ತು ಎಂದು ಹೇಳಿದೆ. ನೀರು ಕನ್ನಡಿಯಂತಿತ್ತು.


ಏಪ್ರಿಲ್ ೮

ಮೂವತ್ತೊಂದು. ಹುಣ್ಣಿಮೆ ಹತ್ತಿರ ಬಂದಿದೆ, ಶಂಖಗಳು ಜಾಗ ಬದಲಾಯಿಸಿರಬೇಕು.

ಬೆನ್ನ ಮೇಲೆ ಸ್ಪಂಜು ಇದ್ದದ್ದು ಅಲ್ಲೇ ಇದೆ. ಹೋಗುವಾಗ ಬರುವಾಗ ನೋಡಿಕೊಂಡು ಬರುತ್ತೇನೆ.


ಏಪ್ರಿಲ್ ೯

ಮರಳು.


ಏಪ್ರಿಲ್ ೧೭, ಮನೆ, ಈಸ್ಟರಿನ ಹಿಂದಿನ ದಿನ

ದೋಣಿಗಳೆಲ್ಲ ದಡದಲ್ಲಿವೆ. ದುಲಿಯಾ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಮಧ್ಯಾಹ್ನ ದೊನ್ ಕಸಿಮಿರೊ ಬಂದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನು ಮಾತುಗಳನ್ನು ಜೋಡಿಸಿಟ್ಟುಕೊಂಡೆ. ಅವರು ಕುರ್ಚಿ ಎಳೆದು ಕೂತರು, ಕಾಫಿ ಕುಡಿದರು, ದುಲಿಯಾಳ ಕೋಳಿಗಳನ್ನು ಹೊಗಳಿದರು. ದುಲಿಯಾ ಒಳಗೆ ಹೋದ ಮೇಲೆ ನನ್ನ ಕಡೆ ಬಗ್ಗಿದರು.

“ಹೇಳು.”

“ಏನನ್ನ, ದೊನ್?”

“ಅಲ್ಲಿ ಹೆಂಗಿದೆ ಅಂತ. ಅರವತ್ತು ವರ್ಷ ಅದರ ಮೇಲೆ ದೋಣಿ ಓಡ್ಸಿದೀನಿ. ಸೀಸದ ಗುಂಡು ಬಿಟ್ಟು ಆಳ ಅಳೆದಿದೀನಿ. ಗುಂಡಿಗೆ ಮೇಣ ಹಚ್ಚಿ ಮರಳು ತರಿಸ್ಕೊಂಡು ನೋಡಿದೀನಿ. ಆ ಮರಳನ್ನ ನಾಲಿಗೆ ಮೇಲೆ ಇಟ್ಟೂ ನೋಡಿದೀನಿ, ನಗಬೇಡ. ಕಣ್ಣಲ್ಲಿ ನೋಡಿಲ್ಲ. ಹೇಳೋ ಸೆವೆರೊ. ಅವು ಇದಾವಾ?”

ಈ ಮನುಷ್ಯ ಹೊಸದಕ್ಕೆ ಹೆದರುತ್ತಾನೆ, ಹೊಟ್ಟೆಕಿಚ್ಚು ಪಡುತ್ತಾನೆ ಎಂದೆಲ್ಲ ತುಂಬಿದ ಸಭೆಯಲ್ಲಿ ಆಡಿದ್ದೆ. ಅವರಿಗೆ ಅದನ್ನು ನೋಡಬೇಕು ಎಂದು ನನಗಿಂತ ಹೆಚ್ಚು ಆಸೆ ಇತ್ತು. ಆಸೆ ಇಟ್ಟುಕೊಂಡೇ ಬೇಡ ಎಂದಿದ್ದರು.

ನಾನು ಹೇಳಿದೆ. ನೀಲಿ ಬೆಳಕು ಉದುರುವುದನ್ನು ಹೇಳಿದೆ, ತೊರಕೆ ಮೀನನ್ನು ಹೇಳಿದೆ, ಪಾಚಿ ಹತ್ತಿದ ತಾಯಂದಿರು ಕಣ್ಣಿಗೆ ಕಾಣುವವರೆಗೂ ಹರಡಿ ಕೂತಿರುವುದನ್ನು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಒಮ್ಮೆ, “ಎಲ್ಲಾ ಒಂದೇ ಕಡೆಗೆ ಮುಖ ಮಾಡ್ಕೊಂಡಾ?” ಎಂದರು. ಇಲ್ಲ, ಒಂದೊಂದು ಒಂದೊಂದು ಕಡೆಗೆ ಎಂದೆ. “ನಮ್ಮ ಸಂಘದ ಥರ” ಎಂದು ನಕ್ಕರು. ಹೋಗುವಾಗ ನನ್ನ ಕೆನ್ನೆ ತಟ್ಟಿದರು. ಹತ್ತು ವರ್ಷ ಚಿಕ್ಕವರಾದವರ ಹಾಗೆ ಮೆಟ್ಟಿಲಿಳಿದರು.

ನಾನು ಅವರಿಗೆ ಹೇಳಿದ್ದು ಮೊದಲ ದಿನದ್ದು. ಈಗಿನದ್ದನ್ನು ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ. ಹಬ್ಬದ ಹಿಂದಿನ ದಿನ ಯಾಕೆ ಬೇಜಾರು ಎಂದು ಇರಬಹುದು. ರೊಟ್ಟಿ ಸೇರಲಿಲ್ಲ. ನಾಚಿಕೆಯಾಗುತ್ತಿದೆ, ಬಹಳ ನಾಚಿಕೆಯಾಗುತ್ತಿದೆ.


ಮೇ ೧೧, ಮೂರನೆಯ ಪ್ರಯಾಣ

ಬೆತೊ ದೋಣಿಯನ್ನು ದಕ್ಷಿಣದ ಇನ್ನೊಂದು ದಿಬ್ಬಕ್ಕೆ ತಂದಿದ್ದಾನೆ. ಇಲ್ಲೂ ಮೊದಲ ದಿನ ಹಾಗೇ ಇತ್ತು, ಕಣ್ಣಿಗೆ ಕಾಣುವವರೆಗೂ. ನೂರ ತೊಂಬತ್ತು ತಂದೆ. ಬೆತೊ ಶಿಳ್ಳೆ ಹಾಕಿದ. ನಾನು ಮೇಲೆ ಬಂದು ಮೂಲೆಯಲ್ಲಿ ಕೂತೆ. ಅವನು ಚಿಪ್ಪಿಗೆ ಸುತ್ತಿಗೆಯಿಂದ ತೂತು ಹೊಡೆದು ಮಾಂಸ ಬಿಡಿಸುವುದನ್ನು ನೋಡಲು ಆಗಲಿಲ್ಲ. ಆ ಕೆಲಸ ನಾನು ಎಂಟನೆಯ ವಯಸ್ಸಿನಿಂದ ಮಾಡಿದ್ದೇನೆ. ಬಿಸಿಲು ಜಾಸ್ತಿ, ಪಿತ್ತ ಏರಿರಬೇಕು.


ಮೇ ೧೩

ಮಧ್ಯಾಹ್ನ ಹಾಯಿಯ ನೆರಳಲ್ಲಿ ಕಣ್ಣು ಹತ್ತಿತು. ಕನಸಿನಲ್ಲಿ ಅಪ್ಪ, ಟ್ಯೂಬಿನ ಕನ್ನಡಕ ಹಾಕಿಕೊಂಡು, ಹದಿನಾಲ್ಕು ಮಾರು ಕೆಳಗೆ ನಮ್ಮ ಮನೆಯ ಕುರ್ಚಿ ಹಾಕಿಕೊಂಡು ಕೂತಿದ್ದ. ಗಾಜಿನ ಹಿಂದೆ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ನಾನು ಅವನ ಬಾಯಿಗೆ ಪೈಪು ಕೊಡಲು ಹೋದೆ. ಅವನು ಬೇಡ ಎನ್ನುವಂತೆ ಕೈ ಆಡಿಸಿ, “ನಾನು ನೋಡೋಕೆ ಮಾಡಿದ್ದು ಕಣೋ” ಎಂದ. ಗುಳ್ಳೆ ಬರಲಿಲ್ಲ, ಮಾತು ಮಾತ್ರ ಬಂತು. ಆಮೇಲೆ ಎದ್ದು ಮರಳಿನ ಮೇಲೆ ನಡೆದುಕೊಂಡು ಹೋದ, ಹಿಂದೆ ಒಂದು ಗೆರೆ ಎಳೆದುಕೊಂಡು.

ಎಚ್ಚರವಾದಾಗ ಎಡಗಾಲು ಎಚ್ಚರವಾಗಿರಲಿಲ್ಲ. ಬೆತೊ ತಿಕ್ಕಿದ. ಚಿವುಟಿದ. ಚಿವುಟಿದ್ದು ಕಂಡಿತು, ಗೊತ್ತಾಗಲಿಲ್ಲ.

“ಭಾವ, ಸಾಕು. ಮನೆಗೆ ಹೋಗಣ.”

“ಇನ್ನೂ ಎರಡು ದಿನ ಇದೆ.”

“ಇಟ್ಕೊ ನಿನ್ನ ಎರಡು ದಿನ. ನಿನ್ನ ಕಾಲು ನೋಡು. ಅಕ್ಕಂಗೆ ಏನಂತ ಮುಖ ತೋರ್ಸಲಿ?”

“ಕೆಳಗೆ ಹೋದ್ರೆ ಸರಿಹೋಗುತ್ತೆ. ನಿಂಗೊತ್ತು.”

ಅವನಿಗೂ ಗೊತ್ತು. ಅವನೇ ಎಂಜಿನ್ ಹಚ್ಚಿದ, ಹಚ್ಚುವಾಗ ನನ್ನ ಮುಖ ನೋಡಲಿಲ್ಲ. ಇಳಿದೆ. ಹತ್ತು ಮಾರಿಗೆ ಬೆರಳುಗಳು ಬಂದವು, ಹದಿನಾಲ್ಕಕ್ಕೆ ಕಾಲು ಪೂರ್ತಿ ನನ್ನದಾಯಿತು. ಚೀಲ ಬಿಚ್ಚಲಿಲ್ಲ. ಮರಳಿನ ಮೇಲೆ ಎರಡು ಕಾಲಲ್ಲೂ ನಡೆದೆ, ಹಬ್ಬದ ದಿನ ಚೌಕದಲ್ಲಿ ಸುತ್ತು ಹಾಕುವವನ ಹಾಗೆ. ಎಲ್ಲೂ ಒಂದು ಶಂಖ ಇರಲಿಲ್ಲ. ಎರಡು ದಿನದಲ್ಲಿ ನಾನು ಎತ್ತಿದ್ದೆ, ಅಷ್ಟೂ. ನೀಲಿ ಬೆಳಕು ಮಾತ್ರ ಉದುರುತ್ತಲೇ ಇತ್ತು, ಯಾರ ಮೇಲೂ ಅಲ್ಲದೆ.

ಇಲ್ಲೇ ಇದ್ದುಬಿಟ್ಟರೆ ಎಂದು ಅನ್ನಿಸಿತು. ಬೆತೊ ಪೈಪು ಎಳೆದ. ಮತ್ತೆ ಎಳೆದ. ನಾನು ಉತ್ತರ ಕೊಡಲು ಮರೆತೆ. ಅವನು ಗಾಬರಿಯಾಗಿ ನನ್ನನ್ನು ಬುಟ್ಟಿಯ ಹಾಗೆ ಒಂದೇ ಉಸಿರಿಗೆ ಮೇಲಕ್ಕೆ ಎಳೆದುಕೊಂಡ.


ಮೇ ೨೪, ಮನೆ

ಪಟ್ಟಣದ ಡಾಕ್ಟರು ಕಾಲಿಗೆ ಸೂಜಿ ಚುಚ್ಚುತ್ತ ಇಲ್ಲಿ, ಇಲ್ಲಿ, ಇಲ್ಲಿ ಎಂದು ಕೇಳಿದರು. ನಾನು ಊಹೆಯ ಮೇಲೆ ಹೂಂ ಎಂದೆ. ಅರ್ಧ ಸರಿಯಾಯಿತು. ಆಳದಲ್ಲಿ ಬಹಳ ಹೊತ್ತು ಇದ್ದು ತಟ್ಟನೆ ಮೇಲೆ ಬಂದರೆ ಗಾಳಿ ರಕ್ತದಲ್ಲಿ ಗುಳ್ಳೆಯಾಗಿ ನರಕ್ಕೆ ಹೊಡೆಯುತ್ತದೆ, ಇದಕ್ಕೆ ಔಷಧಿ ಇಲ್ಲ, ಕಾಲ ಬೇಕು, ಪೈಪು ಇನ್ನು ಬೇಡ ಎಂದರು. ನಾನೆಂದಿದ್ದೆ ನೋಡು ಎಂದು ಬಸ್ಸಿನಲ್ಲಿ ದುಲಿಯಾ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮನೆ ಹೊಕ್ಕ ಮೇಲೆ ಗ್ಯಾಸ್ ಒಲೆಯ ಮುಂದೆ ನನಗೆ ಬೆನ್ನು ಹಾಕಿ ನಿಂತು ಅತ್ತಳು. ನಾನು ಅವಳ ಹತ್ತಿರ ಹೋಗಬೇಕಿತ್ತು, ಕೋಲು ಬಾಗಿಲ ಹಿಂದೆ ಇತ್ತು.

ಊರಿನವರಿಗೆ ವಾತ ಎಂದು ಹೇಳಿದ್ದೇವೆ. ಬಲಗಾಲು ಪರವಾಗಿಲ್ಲ.


ಜೂನ್ ೨

ನಾಲ್ಕು ದಿನಕ್ಕೆ ಸಭೆ. ಬೆತೊ ದಿನವೂ ಬರುತ್ತಾನೆ. ಪಪ್ಪಾಯಿ ತರುತ್ತಾನೆ, ಛಾವಣಿಯ ಗರಿ ಸರಿ ಮಾಡುತ್ತಾನೆ, ಕೂರುವುದಿಲ್ಲ. ಇವತ್ತು ಬಾಗಿಲಲ್ಲಿ ನಿಂತು, “ಭಾವ, ಪೈಪಿನ ತಪ್ಪಲ್ಲ. ನಾವು ಜಾಸ್ತಿ ಹೊತ್ತು ಇಳಿದ್ವಿ. ಸರಿಯಾಗಿ ಇಳಿದ್ರೆ ಏನಾಗಲ್ಲ” ಎಂದ.

“ನಿಜ” ಎಂದೆ. ನಿಜವೇ ಇರಬಹುದು.

“ನಾಲ್ಕು ಮಿಷನ್ ಆರ್ಡರ್ ಆಗಿದೆ. ಹುಡುಗ್ರು ಕಾಯ್ತಿದ್ದಾರೆ. ನೀನು ಅಲ್ಲಿ ಏನೂ ಹೇಳ್ಬೇಡ, ಪುಸ್ತಕದಲ್ಲಿರೋದನ್ನ ಓದು ಸಾಕು. ಹೇಳಿದ್ರೆ ನಾನು ಮುಗಿದೆ.”

ಪಪ್ಪಾಯಿ ಬಹಳ ಸಿಹಿಯಾಗಿತ್ತು. ಅವನು ನನ್ನ ಕೈಮೇಲೆ ಬೆಳೆದವನು, ಈಜು ಕಲಿಸಿದ್ದು ನಾನು. ಅಪ್ಪನ ಮಗ ಅಪ್ಪನ ವಿರುದ್ಧ ಹೇಗೆ ವೋಟು ಹಾಕುತ್ತಾನೆ? ಆದರೆ ಅಪ್ಪ ಮಾಡಿದ್ದು ಕನ್ನಡಕ. ಹಾಕಿಕೊಂಡವನೂ ಉಸಿರು ಮುಗಿದಾಗ ಮೇಲೆ ಬರಲೇಬೇಕಿತ್ತು. ಇದು ನನಗೆ ಇವತ್ತೇ ಹೊಳೆಯಿತು, ಪಪ್ಪಾಯಿ ಬೀಜ ಉಗುಳುವಾಗ.

ನಾನು ಪೈಪಿನ ಕಡೆಗೇ. ಹಾಗೆಂದು ಎಲ್ಲರಿಗೂ ಗೊತ್ತು.


ಜೂನ್ ೬, ಭಾನುವಾರ

ನಿಧಾನವಾಗಿ ಬರೆಯಬೇಕು.

ಪ್ರಾರ್ಥನೆ ಮುಗಿದ ಮೇಲೆ ಶಾಲೆಯ ಹಾಲ್‌ನಲ್ಲಿ ಸಭೆ. ನಲವತ್ತೊಂದು ಮಂದಿ ಸದಸ್ಯರು ಮಕ್ಕಳ ಬೆಂಚುಗಳ ಮೇಲೆ ಮಂಡಿ ಎದೆಗೆ ತಾಗಿಸಿಕೊಂಡು ಕೂತಿದ್ದರು. ಹೆಂಗಸರು ಕಿಟಕಿಯಲ್ಲಿ. ಬೆತೊ ನನ್ನ ಹಿಂದಿನ ಬೆಂಚಿನಲ್ಲಿದ್ದ. ಮಿಸ್ ಎನಿಡ್ ಹಸಿರು ಪುಸ್ತಕ ಕೊಟ್ಟು ಓದು ಎಂದರು. ಕೂತೇ ಓದಿದೆ. ಇನ್ನೂರ ಹತ್ತು, ಇನ್ನೂರ ನಲವತ್ತು ಎಂದಾಗ ಹುಡುಗರು ಹೋ ಎಂದರು. ಎಂಬತ್ತೆಂಟು, ಮೂವತ್ತೊಂದು ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಂದು ದಿಬ್ಬ, ನೂರ ತೊಂಬತ್ತು, ಆಮೇಲೆ ಸೊನ್ನೆ. ಪುಸ್ತಕದಲ್ಲಿ ಇದ್ದದ್ದು ಅಷ್ಟೇ.

“ಇನ್ನೂ ದಿಬ್ಬಗಳಿವೆ! ಇನ್ನೂ ಆಳ ಇದೆ!” ಎಂದು ಹಿಂದಿನಿಂದ ಯಾರೋ ಕೂಗಿದ. ಹೌದು ಹೌದು ಎಂದರು. ನಿಜ, ಇದೆ.

ಪುಸ್ತಕ ಮುಚ್ಚಿದೆ. ದೊನ್ ಕಸಿಮಿರೊ ಮುಂದಿನ ಬೆಂಚಿನಲ್ಲಿ ಕೂತಿದ್ದರು, ಅವರ ಕತ್ತಿನ ಹಿಂಭಾಗ ಕಾಣುತ್ತಿತ್ತು. ನಾನೇನೂ ಹೇಳುವವನಿರಲಿಲ್ಲ. ಬಾಯಿ ತಾನಾಗಿ ತೆರೆಯಿತು.

“ದೊನ್, ಹಬ್ಬದ ಹಿಂದಿನ ದಿನ ನಾನು ನಿಮಗೆ ಹೇಳಿದ್ದು ಮೊದಲ್ನೇ ದಿನ ನೋಡಿದ್ದು. ನೀವು ಕೇಳೋ ಹೊತ್ತಿಗೆ ಅಲ್ಲಿ ಒಂದೇ ಒಂದು ಉಳಿದಿತ್ತು. ಮಿಕ್ಕಿದ್ದೆಲ್ಲ ನಾನೇ ತಂದಿದ್ದೆ.”

ಅವರು ತಿರುಗಿ ನೋಡಲಿಲ್ಲ. ತಲೆಯನ್ನು ಸ್ವಲ್ಪ ಬಗ್ಗಿಸಿದರು ಅಷ್ಟೇ.

ನಮ್ಮಲ್ಲಿ ಕೈ ಎತ್ತಿ ವೋಟು ಹಾಕುವ ಪದ್ಧತಿ ಇಲ್ಲ. ಸಂಘ ಶುರುವಾದ ವರ್ಷ ಐಸ್ ಮನೆ ಬೇಕೋ ಬೇಡವೋ ಎಂದಾಗ ಉತ್ಸಾಹದಲ್ಲಿ ಕೆಲವರು ಎರಡೂ ಕೈ ಎತ್ತಿ, ಸದಸ್ಯರಿಗಿಂತ ವೋಟು ಹೆಚ್ಚಾಗಿತ್ತಂತೆ. ಅಂದಿನಿಂದ ಎದ್ದು ನಿಲ್ಲುವುದು. ಯಾರೂ ಎರಡು ಸಲ ನಿಲ್ಲಲಾರರು. ಮಿಸ್ ಎನಿಡ್, “ನೀರಿನ ಕೆಳಗೆ ಗಾಳಿ ತಗೊಂಡು ಹೋಗಿ ಶಂಖ ತೆಗೆಯೋದು ಬೇಡ ಅನ್ನೋರು ಎದ್ದು ನಿಂತ್ಕೊಳ್ಳಿ. ಬೇಕು ಅನ್ನೋರು ಕೂತಿರಿ” ಎಂದರು. ಬೆಂಚುಗಳು ಕಿರುಗುಟ್ಟಿದವು. ಅವರು ಪೆನ್ಸಿಲ್ಲಿನಿಂದ ಒಬ್ಬೊಬ್ಬರನ್ನೇ ತೋರಿಸುತ್ತ ಎಣಿಸಿದರು.

“ನಿಂತೋರು ಇಪ್ಪತ್ತು. ಕೂತೋರು ಇಪ್ಪತ್ತೊಂದು.”

“ಮೇಡಂ, ತಡೀರಿ” ಎಂದೆ. “ನಾನೂ ಏಳ್ತಿದ್ದೀನಿ.”

ಎಲ್ಲರೂ ತಿರುಗಿದರು. ಮುಂದಿನ ಬೆಂಚಿನ ಬೆನ್ನು ಹಿಡಿದು ಎದ್ದೆ. ಎದ್ದೆ ಎಂದುಕೊಂಡೆ. ಮಂಡಿ ಕೇಳಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದೆ. ಈ ಸಲ ಬಲಗಾಲೂ ಕೈಕೊಟ್ಟಿತು. ಬೆಂಚು ಮುಂದಕ್ಕೆ ಜರುಗಿತು, ಕೋಲು ಬಿತ್ತು. ನಲವತ್ತು ಜನ ನನ್ನ ವಾತವನ್ನು ನೋಡಿದರು. ಯಾರೂ ನಗಲಿಲ್ಲ, ನಕ್ಕಿದ್ದರೆ ಬೈದಾದರೂ ಬೈಯುತ್ತಿದ್ದೆ. ಕಿಟಕಿಯಲ್ಲಿ ದುಲಿಯಾ ಕೈ ಬಾಯಿಗೆ ಒತ್ತಿಕೊಂಡಿದ್ದಳು. ಸದಸ್ಯಳಲ್ಲದವಳು ಒಳಗೆ ಬರುವಂತಿಲ್ಲ.

ಆಗ ಹಿಂದಿನಿಂದ ನನ್ನ ಕಂಕುಳಿಗೆ ಎರಡು ಕೈ ಬಂದವು. “ಏಳು ಭಾವ” ಎಂದು ಕಿವಿಯ ಹತ್ತಿರ ಬೆತೊ ಹೇಳಿದ. ಒಂದೇ ಎಳೆತಕ್ಕೆ ನನ್ನನ್ನು ಎತ್ತಿ, ಎದೆಗೆ ಒರಗಿಸಿಕೊಂಡು ನಿಲ್ಲಿಸಿದ.

ಮಿಸ್ ಎನಿಡ್ ಪೆನ್ಸಿಲ್ ಹಿಡಿದು ನಮ್ಮಿಬ್ಬರನ್ನೂ ನೋಡಿದರು. “ಸೆವೆರೊ, ಒಂದು” ಎಂದರು. ಆಮೇಲೆ, “ಬೆತೊ, ನೀನು ಅವನನ್ನ ಎತ್ತೋಕೆ ನಿಂತಿದ್ದೀಯಾ, ವೋಟಿಗೆ ನಿಂತಿದ್ದೀಯಾ? ಎತ್ತೋಕಾದ್ರೆ ನಾನು ಎಣಿಸಲ್ಲ. ಅವನದ್ದು ಬರ್ಕೊಂಡಾಯ್ತು, ಕೂರಿಸಿ ನೀನೂ ಕೂತ್ಕೋಬೋದು.”

ಹುಡುಗರೆಲ್ಲ ಅವನನ್ನೇ ನೋಡುತ್ತಿದ್ದರು. ಆರ್ಡರ್ ಕೊಟ್ಟ ನಾಲ್ವರೂ ಅಲ್ಲೇ ಇದ್ದರು. ನನ್ನ ಬೆನ್ನಿಗೆ ಅವನ ಎದೆ ಏರುವುದು ಇಳಿಯುವುದು ಗೊತ್ತಾಗುತ್ತಿತ್ತು. ಅವನು ಉಸಿರನ್ನು ಒಳಗೆಳೆದು ಹಿಡಿದ. ಬಹಳ ಹೊತ್ತು ಹಿಡಿದ.

“ಇವನು ಎಷ್ಟು ಹೊತ್ತು ನಿಂತಿರ್ತಾನೋ ನಾನೂ ಅಷ್ಟು ಹೊತ್ತು ನಿಂತಿರ್ತೀನಿ ಮೇಡಂ” ಎಂದ. “ವೋಟಿಗೇ. ಬರ್ಕೊಳ್ಳಿ.”

ಮಿಸ್ ಎನಿಡ್ ಇನ್ನೊಂದು ಗೀಟು ಹಾಕಿದರು. ನಿಂತವರು ಇಪ್ಪತ್ತೆರಡು, ಪೈಪು ಬೇಡ ಎಂದು ನಿಯಮಗಳ ಪುಸ್ತಕದಲ್ಲಿ ಅಲ್ಲೇ ಕೂತು ಬರೆದರು, ಅವರು ಕೊನೆಯ ಚುಕ್ಕೆ ಇಡುವವರೆಗೂ ನಾವು ನಿಂತೇ ಇದ್ದೆವು. ಆಮೇಲೆ ಅವನು ನನ್ನನ್ನು ಹಾಲ್‌ನ ನಡುವೆ ಹಾಯಿಸಿಕೊಂಡು ಹೊರಗೆ ತಂದ. ಸಭೆ ಮುಗಿದಿತ್ತು, ದುಲಿಯಾ ಒಳಹೊಕ್ಕು ಕೋಲು ಎತ್ತಿಕೊಂಡು ಬಂದು ಇನ್ನೊಂದು ಪಕ್ಕಕ್ಕೆ ಸೇರಿದಳು. ಮನೆಯ ಬಾಗಿಲ ತನಕ ಬೆತೊ ಕೈ ಬಿಡಲಿಲ್ಲ.